ತಡವಾಗಿ ನೆಟ್ಟ ಆಲೂಗಡ್ಡೆ
(ಪುಣೆಯ ಕನ್ನಡ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಬೇಸಾಯದ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾವು ಹಿಂಜರಿದೆವು. ನಾವು ಬ್ಯಾಂಕಿನ ಗುಮಾಸ್ತರು, ಓದಿದ್ದು ಬಿ.ಕಾಂ.; ನೇಗಿಲು ಹಿಡಿದವರಲ್ಲ. ನಮಗೆ ಗೊತ್ತಿದ್ದ ಬೆಳೆಯೆಂದರೆ ಬೆಳೆಸಾಲದ ಅರ್ಜಿಯಲ್ಲಿ ಬರೆದಿರುವ ಬೆಳೆ ಮಾತ್ರ. ಆದರೂ ಇದೇ ಪುಣೆಯಲ್ಲಿ, ನಮ್ಮ ಕಟ್ಟಡದ ಹಿಂಬದಿಯಲ್ಲಿ, ಕಾಂಪೌಂಡು ಗೋಡೆಗೆ ತಾಗಿದ 30 ಅಡಿ ಉದ್ದ 10 ಅಡಿ ಅಗಲದ ನೆಲದಲ್ಲಿ ನಾವು ನಾಲ್ಕು ಕನ್ನಡದ ಮನೆಯವರು ಸೇರಿ ಆಲೂಗಡ್ಡೆ ಬೆಳೆದದ್ದು ನಿಜ. ಅದಕ್ಕೆ ಮುಂಚೆ ಒಂದು ಸಲ ಕೆಡಿಸಿದ್ದೂ ನಿಜ. ಕೆಡಿಸಿದ್ದನ್ನೂ ಹೇಳಲು ಅವಕಾಶವಿದ್ದರೆ ಬರುತ್ತೇವೆ ಎಂದೆವು. ಕಾರ್ಯದರ್ಶಿಗಳು ಒಪ್ಪಿದರು.

ಮೊದಲು ಹೆಸರಿನ ಜಗಳ ತೀರಲಿ. ನಮ್ಮ ನಾಲ್ಕು ಮನೆಗಳಲ್ಲಿ ಹಾಸನದವರು ಆಲೂಗೆಡ್ಡೆ ಎಂದರು, ಕೋಲಾರದವರು ಉರುಳಗಡ್ಡೆ ಎಂದರು, ಧಾರವಾಡದವರು ಬಟಾಟಿ, ಮಂಗಳೂರಿನವರು ಬಟಾಟೆ. ಕೊನೆಯ ಎರಡು ಪೋರ್ಚುಗೀಸರು ಬಿಟ್ಟುಹೋದ ಮಾತಿನಿಂದ ಬಂದವು; ನಮ್ಮ ಮರಾಠಿ ನೆರೆಯವರು ಬಟಾಟಾ ಎನ್ನುವುದೂ ಅದರಿಂದಲೇ. ಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಸಾಲು. ಬೆಟ್ಟದ ಗಿಡವಾದ್ದರಿಂದ ಇದಕ್ಕೆ ಹಗಲು ಬಿಸಿಲು ಬೇಕು, ರಾತ್ರಿ ಚಳಿ ಬೇಕು. ಸೊಪ್ಪು ಸೆಕೆಯಲ್ಲಿಯೂ ಬೆಳೆದೀತು. ಆದರೆ ನೆಲದೊಳಗೆ ಗಡ್ಡೆ ಕಟ್ಟಬೇಕಾದರೆ ರಾತ್ರಿ ತಂಪಾಗಿರಬೇಕು. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ನಾವು ಮುಂದೆ ಹೇಳುವುದೆಲ್ಲ ತಾನಾಗಿ ತಿಳಿಯುತ್ತದೆ.

2022ರ ನವೆಂಬರಿನಲ್ಲಿ ನಾವು ಮೊದಲ ಸಲ ಕೈಹಾಕಿದೆವು. ಮಂಡಿಗೆ ಹೋಗಿ, ಆಗತಾನೆ ಹೊಲದಿಂದ ಬಂದಿದ್ದ ಹೊಸ ಗಡ್ಡೆಯನ್ನೇ ಆರಿಸಿ ತಂದೆವು. ಉಗುರು ತಗುಲಿದರೆ ಸುಲಿಯುವಂಥ ಸಿಪ್ಪೆ, ಮೈಗೆ ಇನ್ನೂ ಹಸಿ ಮಣ್ಣು. ಬಿತ್ತನೆಗೆ ಇದಕ್ಕಿಂತ ಒಳ್ಳೆಯದು ಉಂಟೆ ಎಂದುಕೊಂಡೆವು. ನೆಟ್ಟು ಇಪ್ಪತ್ತು ದಿನವಾದರೂ ಒಂದು ಮೊಳಕೆ ಇಲ್ಲ. ನೀರು ಸಾಲದೇನೋ ಎಂದು ಇನ್ನಷ್ಟು ಹೊಯ್ದೆವು. ಮಕ್ಕಳು ಸಾಲು ಕೆದಕಿ ನೋಡಿದರೆ ಅರ್ಧ ಕೊಳೆತಿತ್ತು, ಇನ್ನರ್ಧ ನೆಟ್ಟ ದಿನದ ಹಾಗೆಯೇ ತಣ್ಣಗೆ ಮಲಗಿತ್ತು.

ತಪ್ಪು ಗಡ್ಡೆಯದಲ್ಲ. ಕಿತ್ತ ಆಲೂಗಡ್ಡೆಗೆ ಒಂದು ನಿದ್ದೆ ಉಂಟು. ತಳಿಯನ್ನೂ ಇಟ್ಟ ಜಾಗದ ಬಿಸಿಯನ್ನೂ ಅನುಸರಿಸಿ ಆರು ವಾರವೋ ಎಂಟು ಹತ್ತು ವಾರವೋ ಅದರ ಕಣ್ಣು ತೆರೆಯುವುದೇ ಇಲ್ಲ. ಊಟಕ್ಕೆ ಹೊಸದು ಲೇಸು, ಬಿತ್ತನೆಗೆ ಹಳೆಯದು ಲೇಸು. ನಮ್ಮ ಗಡ್ಡೆಗಳ ಪೈಕಿ ಹನ್ನೊಂದು ಜನವರಿಯ ಕೊನೆಗೆ ಎದ್ದವು. ಅವಕ್ಕೆ ಪ್ರಾಯ ಬರುವ ಹೊತ್ತಿಗೆ ಪುಣೆಯ ಬೇಸಿಗೆ ಬಂದಿತ್ತು. ಸೊಪ್ಪು ಮೊಳಕಾಲುದ್ದ ಬೆಳೆಯಿತು. ಕಿತ್ತಾಗ ಸಿಕ್ಕಿದ್ದು ಗೋಲಿ ಗಾತ್ರದ ಏಳು ಗಡ್ಡೆ.

ಇದನ್ನೆಲ್ಲ ಹಾಸನದ ಮನೆಯ ತಾತನವರು ಎರಡನೆಯ ಮಾಳಿಗೆಯ ಮೊಗಸಾಲೆಯಿಂದ ನೋಡುತ್ತಿದ್ದರು. ಒಂದು ದಿನವೂ ಕೆಳಗಿಳಿದು ಬರಲಿಲ್ಲ, ಒಂದು ಮಾತೂ ಆಡಲಿಲ್ಲ. ಅವರು ಜೀವಮಾನವೆಲ್ಲ ಆಲೂಗಡ್ಡೆ ಬೆಳೆದವರೆಂದು ನಮಗೆ ತಿಳಿದಿತ್ತು. ಆದಕಾರಣ ನಮಗೆ ಸ್ವಲ್ಪ ಬೇಸರವೂ ಆಯಿತು. ಹೇಳಿದ್ದರೆ ಹತ್ತು ಕಿಲೋ ಗಡ್ಡೆ ಉಳಿಯುತ್ತಿತ್ತಲ್ಲ ಎಂದು. ಏಕೆ ಹೇಳಲಿಲ್ಲವೆಂಬುದು ಆಮೇಲೆ ತಿಳಿಯಿತು.

ಮರುವರ್ಷ ಬುದ್ಧಿ ಬಂದಿತ್ತು. ಪುಣೆಯಿಂದ ಉತ್ತರಕ್ಕೆ ಸುಮಾರು 60 ಕಿಲೋಮೀಟರು ದೂರದ ಮಂಚರ್ ಕಡೆ ಆಲೂಗಡ್ಡೆ ಬೆಳೆ ಹೆಚ್ಚು. ಬ್ಯಾಂಕಿನ ಸಹೋದ್ಯೋಗಿಯೊಬ್ಬರ ಊರು ಆ ಕಡೆ. ಅವರ ಮನೆಯವರು ನೆಟ್ಟು ಮಿಕ್ಕಿದ 10 ಕಿಲೋ ಬಿತ್ತನೆ ಕೊಟ್ಟರು. ಪಂಜಾಬಿನಿಂದ ಬಂದದ್ದು, ಶೀತಗೃಹದಲ್ಲಿ ಇಟ್ಟದ್ದು. ತಳಿ ಕುಫ್ರಿ ಪುಖರಾಜ್. ಕುಫ್ರಿ ಎಂಬುದು ಶಿಮ್ಲಾ ಬಳಿಯ ಬೆಟ್ಟದೂರು. ಕೇಂದ್ರ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ತಳಿಗಳಿಗೆಲ್ಲ ಅದೇ ಮನೆತನದ ಹೆಸರು. ಪುಖರಾಜ್ 1998ರಲ್ಲಿ ಬಂದದ್ದು, ಬೇಗ ಗಡ್ಡೆ ಕಟ್ಟುವ ಜಾತಿ. ಬೇಗ ಎಂಬ ಆ ಗುಣವೇ ನಮ್ಮನ್ನು ಕಾಪಾಡಿತು. ಏಕೆಂದರೆ ನಾವು ತಡಮಾಡಿದ್ದೆವು.

ಏಕೆ ತಡ? ನವೆಂಬರ್ ಪೂರ್ತಿ ರಾಜ್ಯೋತ್ಸವದ ನಾಟಕ, ಅದರ ತಾಲೀಮು, ಆಮೇಲೆ ಅದರ ಖರ್ಚಿನ ಲೆಕ್ಕ. ಇಲ್ಲಿ ಕುಳಿತಿರುವ ಅನೇಕರಿಗೆ ಆ ಲೆಕ್ಕ ನೆನಪಿದೆ, ಹೆಚ್ಚು ಹೇಳುವುದಿಲ್ಲ. ಹಿಂಗಾರಿಗೆ ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನವರೆಗೆ ನೆಡುವುದು ಕ್ರಮ. ನಾವು ನೆಟ್ಟದ್ದು 2023ರ ಡಿಸೆಂಬರ್ 10, ಭಾನುವಾರ.

ತಂದ ಕೂಡಲೆ ನೆಡಲಿಲ್ಲ. ಶೀತಗೃಹದಿಂದ ಬಂದ ಗಡ್ಡೆಯನ್ನು ಹತ್ತು ದಿನ ನೆರಳಿನಲ್ಲಿ ಒಂದೇ ಪದರವಾಗಿ ಹರಡಬೇಕು. ಮೂರು ಮನೆಯವರು ಮೊಗಸಾಲೆಯಲ್ಲಿ ಹರಡಿದರು. ಅಲ್ಲಿ ಬೆಳಕು ಇದ್ದುದರಿಂದ ಮೊಳಕೆ ಗಿಡ್ಡಗೆ ದಪ್ಪಗೆ ಹಸಿರಾಗಿ ಬಂತು. ನಾವು ಮಾತ್ರ ಮಂಚದ ಕೆಳಗೆ ಹರಡಿದೆವು. ಕತ್ತಲಲ್ಲಿ ಬಿಳಿಯ ನೂಲಿನಂತೆ ಉದ್ದ ಮೊಳಕೆ ಬಂದು, ಎತ್ತಿದರೆ ಮುರಿಯಿತು. ಕೋಳಿಮೊಟ್ಟೆಗಿಂತ ಸ್ವಲ್ಪ ಚಿಕ್ಕದು, 40 ಗ್ರಾಂ ಸುಮಾರಿನ ಗಡ್ಡೆಯಾದರೆ ಇಡಿಯಾಗಿಯೇ ನೆಡುವುದು ಮೇಲು. ದೊಡ್ಡದನ್ನು ಹೋಳು ಮಾಡಿದರೆ ಹೋಳಿಗೆ ಎರಡು ಕಣ್ಣಾದರೂ ಇರಬೇಕು, ಕೊಯ್ದ ಮುಖ ನೆರಳಲ್ಲಿ ಆರಿರಬೇಕು, ಇಲ್ಲವಾದರೆ ಕೊಳೆಯುತ್ತದೆ.

ನಮ್ಮ ನೆಲ ಬರೀ ಮುರುಮು. ಸೊಸೈಟಿಯ ಗೊಬ್ಬರದ ಗುಂಡಿಯಿಂದ ಕಳಿತ ಗೊಬ್ಬರ ಎತ್ತಿ ಸಾಲಿಗೆ ತುಂಬಿದೆವು. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರು, ಗಡ್ಡೆಯಿಂದ ಗಡ್ಡೆಗೆ 20. ಐದು ಸಾಲಾಯಿತು. ಎರಡು ವಾರದಲ್ಲಿ ಮೊಳಕೆ ಮೇಲೆ ಬಂದದ್ದನ್ನು ನೋಡಲು ನಾಲ್ಕು ಮನೆಯ ಮಕ್ಕಳೂ ಬೆಳಿಗ್ಗೆ ಸ್ಕೂಲ್ ಬಸ್ಸು ತಪ್ಪಿಸಿಕೊಂಡರು. ಜನವರಿಯ ಮೊದಲ ವಾರ ಗಿಡ ಗೇಣುದ್ದ ಆದಾಗ ಬುಡಕ್ಕೆ ಮಣ್ಣು ಏರಿಸಿದೆವು. ಇದನ್ನು ತಪ್ಪಿಸಕೂಡದು; ಗಡ್ಡೆ ಬೆಳಕಿಗೆ ಬಿದ್ದರೆ ಹಸಿರಾಗುತ್ತದೆ, ಹಸಿರಾದದ್ದರಲ್ಲಿ ಸೋಲನಿನ್ ಎಂಬ ವಿಷ ಸೇರುತ್ತದೆ, ತಿನ್ನಬಾರದು.

ಎಲ್ಲವೂ ಸುಸೂತ್ರವಾಯಿತೆಂದುಕೊಳ್ಳುವಷ್ಟರಲ್ಲಿ ಮೂರು ನಾಲ್ಕು ದಿನ ಮೋಡ ಹಿಡಿಯಿತು. ಮೋಡ ಕಳೆದ ಮೇಲೆ ನೋಡಿದರೆ ಕೆಳಗಿನ ಎಲೆಗಳ ಮೇಲೆ ಕಂದು ಚುಕ್ಕೆ. ನಾವು ಗೋಡೆಯ ಬಳಿ ನಿಂತು ಗುಸುಗುಸು ಮಾತಾಡುತ್ತಿದ್ದೆವು. ಅಂದು ತಾತನವರು ಮೆಟ್ಟಿಲಿಳಿದು ಬಂದರು.

ಅವರ ಮಗ ನಮಗೆ ಹಿಂದಿನ ರಾತ್ರಿಯಷ್ಟೇ ಕಥೆ ಹೇಳಿದ್ದರು. ಹಾಸನದ ಹತ್ತಿರ ಮೂರು ಎಕರೆ. ಮೇ ಕೊನೆಗೆ ಮಳೆ ಬಿದ್ದರೆ ನಾಟಿ. ಬಿತ್ತನೆ ಜಲಂಧರದಿಂದ ಲಾರಿಯಲ್ಲಿ ಬರಬೇಕು. ಅದರ ದುಡ್ಡು ಸಾಲದ ದುಡ್ಡು. 2000ದ ದಶಕದ ಕೊನೆಯ ವರ್ಷಗಳಲ್ಲಿ ಆ ಸೀಮೆಗೆ ಅಂಗಮಾರಿ ರೋಗ ಬಿತ್ತು. 1845ರಲ್ಲಿ ಐರ್ಲೆಂಡಿನಲ್ಲಿ ಕ್ಷಾಮ ತಂದದ್ದು ಇದೇ ರೋಗ. ಜಡಿಮಳೆ, ತಂಪು, ಮಂಜು ಮೂರೂ ಕೂಡಿದರೆ ಒಂದು ವಾರದಲ್ಲಿ ಹೊಲ ಬೆಂಕಿ ತಗುಲಿದಂತೆ ಕರಗುತ್ತದೆ. ತಾತನವರಿಗೆ ಎರಡು ವರ್ಷ ಮೇಲಿಂದ ಮೇಲೆ ಹೀಗಾಯಿತು. ಸಾಲಕ್ಕೆ ಒಂದೂವರೆ ಎಕರೆ ಹೋಯಿತು. ಮಿಕ್ಕಿದ್ದನ್ನು ಮುಸುಕಿನ ಜೋಳಕ್ಕೆಂದು ಗುತ್ತಿಗೆ ಕೊಟ್ಟು ಮಗನ ಮನೆಗೆ ಬಂದರು. ಬಂದ ಮೇಲೆ ಆಲೂಗಡ್ಡೆಯ ಹೆಸರು ಎತ್ತಿದವರಲ್ಲ. ಬ್ಯಾಂಕಿನಲ್ಲಿ ಬಾಕಿ ಸಾಲದ ಪಟ್ಟಿ ಬರೆದು ರೂಢಿಯಾದ ನಮಗೆ, ಆ ಪಟ್ಟಿಯಲ್ಲಿ ಇರಬಹುದಾದ ಒಬ್ಬರು ಎದುರು ಮನೆಯಲ್ಲಿ ಇಷ್ಟು ವರ್ಷ ಇದ್ದದ್ದು ತಿಳಿಯದೆ ಹೋಯಿತು.

ಅವರು ಯಾರನ್ನೂ ಮಾತನಾಡಿಸದೆ ಸಾಲಿನ ನಡುವೆ ಕುಕ್ಕರಗಾಲಿನಲ್ಲಿ ಕುಳಿತು ಒಂದೊಂದು ಎಲೆಯನ್ನೂ ತಿರುಗಿಸಿ ಅಡಿಭಾಗ ನೋಡಿದರು. ಐದು ಸಾಲನ್ನೂ ನೋಡಿದರು. ಮುಕ್ಕಾಲು ಗಂಟೆ ಆಗಿರಬೇಕು. ಆಮೇಲೆ ಎದ್ದು, "ಇದು ಆ ಮಾರಿ ಅಲ್ಲ ಕಣಪ್ಪ" ಎಂದರು. ಕೂತು ತೋರಿಸಿದರು: ಚುಕ್ಕೆಯೊಳಗೆ ಉಂಗುರದ ಮೇಲೆ ಉಂಗುರ, ಒಣಗಿದ ಅಂಚು. ಇದು ಬೇಗನೆ ಬರುವ ಇನ್ನೊಂದು ಎಲೆಚುಕ್ಕೆ, ಮೆಲ್ಲಗೆ ಹಬ್ಬುವಂಥದು. ಆ ದೊಡ್ಡ ರೋಗವಾದರೆ ಎಲೆಯ ಅಂಚು ಬೆಂದಂತೆ ನೀರಾಡುತ್ತದೆ, ಬೆಳಗಿನ ಇಬ್ಬನಿಯಲ್ಲಿ ಎಲೆಯ ಅಡಿಗೆ ಬಿಳಿ ಬೂಷ್ಟು ಕಾಣುತ್ತದೆ. ಚುಕ್ಕೆ ಎಲೆಗಳನ್ನು ಕಿತ್ತು ದೂರ ಹಾಕಿಸಿದರು. ಎಲೆಯ ಮೇಲೆ ನೀರು ಹೊಯ್ಯಬೇಡಿ, ಬುಡಕ್ಕೆ ಬೆಳಿಗ್ಗೆ ಹೊತ್ತು ಬಿಡಿ ಎಂದರು. ಅಂದಿನಿಂದ ಪೈಪು ಅವರ ಕೈಯಲ್ಲೇ ಇತ್ತು.

ಫೆಬ್ರವರಿ ನಡುವೆ ಹಗಲು ಸೆಕೆ ಏರತೊಡಗಿತು. ಗಿಡ ಇನ್ನೂ ಹಸಿರು; ಇನ್ನೊಂದು ತಿಂಗಳು ಬಿಟ್ಟರೆ ಗಡ್ಡೆ ದಪ್ಪವಾದೀತು ಎಂದು ನಮ್ಮ ವಾದ, ಅಸಲು ಬಡ್ಡಿಯೊಡನೆ ಬರಲಿ ಎಂಬ ಆಸೆ. ತಾತನವರು ಒಪ್ಪಲಿಲ್ಲ. ಕಾಲ ಮೀರಿ ನೆಟ್ಟದ್ದನ್ನು ಕಾಲ ಮೀರಿ ಕೀಳಬಾರದು ಎಂದರು. ರಾತ್ರಿಯ ತಂಪು ಹೋದ ಮೇಲೆ ಗಡ್ಡೆ ಬೆಳೆಯುವುದು ನಿಲ್ಲುತ್ತದೆ, ಕಾದ ಮಣ್ಣಿನಲ್ಲಿ ಕೊಳೆಯುವುದು ಮೊದಲಾಗುತ್ತದೆ. ಪೂರ್ತಿ ಬಲಿಯಲೆಂದು ಬೆಳೆಯುವವರು ನೀರು ನಿಲ್ಲಿಸಿ, ಸೊಪ್ಪು ಕೊಯ್ದು, ಸಿಪ್ಪೆ ಗಟ್ಟಿಯಾಗಲು ಹತ್ತು ದಿನ ಬಿಡುತ್ತಾರೆ. ಎಳೆಯದಾಗಿ ತಿನ್ನುವವರಿಗೆ ಅದೇನೂ ಬೇಡ. ಫೆಬ್ರವರಿ 25ರಂದು, 77ನೆಯ ದಿನ, ಹಸಿರು ಗಿಡವನ್ನೇ ಕಿತ್ತೆವು. ಹೆಬ್ಬೆರಳಿನಿಂದ ತಿಕ್ಕಿದರೆ ಸಿಪ್ಪೆ ಬಿಟ್ಟುಬಂತು.

ಸೊಸೈಟಿಯ ಆಫೀಸಿನ ತಕ್ಕಡಿಯಲ್ಲಿ 41 ಕಿಲೋ ತೂಗಿತು. ಇದು ಲಾಭವಲ್ಲವೆಂದು ಸ್ಪಷ್ಟವಾಗಿ ಹೇಳುತ್ತೇವೆ. ಫೆಬ್ರವರಿ ಮಾರ್ಚಿನಲ್ಲಿ ಉತ್ತರದ ಹೊಸ ಬೆಳೆ ಮಂಡಿಗೆ ಸುರಿದು ದರ ಇಳಿಯುವ ಸಮಯ. ನಮ್ಮ ಕೂಲಿ ಲೆಕ್ಕ ಹಿಡಿದರೆ ದೊಡ್ಡ ನಷ್ಟ. ಎಳೆಯ ಗಡ್ಡೆ ಇಟ್ಟುಕೊಳ್ಳಲೂ ಬರುವುದಿಲ್ಲ, ಒಂದೆರಡು ವಾರದಲ್ಲಿ ಸುಕ್ಕಾಗುತ್ತದೆ. ಆದ್ದರಿಂದ ಕಟ್ಟಡದ ಎಲ್ಲ ಮನೆಗೂ ಹಂಚಿದೆವು. ಆ ದಿನ ಧಾರವಾಡದ ಮನೆಯಲ್ಲಿ ಜೋಳದ ರೊಟ್ಟಿಗೆ ಪಲ್ಯ, ಮಂಗಳೂರಿನ ಮನೆಯಲ್ಲಿ ತೆಂಗಿನೆಣ್ಣೆಯ ಒಗ್ಗರಣೆ. ಹಾಸನದ ಮನೆಯಲ್ಲಿ ಅವರೆಕಾಳು ಸೇರಿಸಿದ ಸಾರು, ಮುದ್ದೆ. ತಾತನವರು ಎರಡನೆಯ ಸಲ ಸಾರು ಹಾಕಿಸಿಕೊಂಡರೆಂದು ಅವರ ಸೊಸೆ ನಮ್ಮ ಮನೆಯವರಿಗೆ ಮೆಲ್ಲಗೆ ಹೇಳಿದರು.

ಚಿಕ್ಕ ಗಡ್ಡೆಗಳನ್ನು ಮುಂದಿನ ಬಿತ್ತನೆಗೆ ಇಡೋಣವೆಂದು ನಾವು ಬುಟ್ಟಿಗೆ ತುಂಬಿದ್ದೆವು. ಅದನ್ನೂ ತಾತನವರೇ ತಡೆದರು. ಫೆಬ್ರವರಿಯವರೆಗೆ ಹೊಲದಲ್ಲಿದ್ದ ಗಿಡಕ್ಕೆ ಸಸ್ಯಹೇನು ಕೂತಿರುತ್ತದೆ, ಹೇನಿನಿಂದ ನಂಜುರೋಗ ಗಡ್ಡೆಗೆ ಇಳಿದಿರುತ್ತದೆ. ಮುಂದಿನ ವರ್ಷ ಎಲೆ ಮುದುಡಿ ಬೆಳೆ ಕುಗ್ಗುತ್ತದೆ. ಪಂಜಾಬಿನವರು ಬಿತ್ತನೆಯ ಹೊಲದ ಸೊಪ್ಪನ್ನು ಹೇನು ಹೆಚ್ಚುವ ಮೊದಲೇ ಜನವರಿಯಲ್ಲಿ ಕೊಯ್ದುಬಿಡುವುದು ಇದೇ ಕಾರಣಕ್ಕೆ. ಬುಟ್ಟಿ ಅಡಿಗೆಮನೆಗೆ ಹೋಯಿತು.

ತಮ್ಮಲ್ಲಿ ಯಾರಿಗಾದರೂ ಅಂಗೈಯಗಲ ನೆಲವಿದ್ದರೆ, ನೆಲವಿಲ್ಲದಿದ್ದರೆ ಗೋಣಿಚೀಲ ಇಡಲು ಬಿಸಿಲಿನ ಮಾಳಿಗೆಯಿದ್ದರೆ, ಬಿತ್ತನೆ ಒಟ್ಟಾಗಿ ತರಿಸೋಣ. ಹೆಸರು ನಮಗೆ ಕೊಡಬೇಡಿ, ನಮ್ಮ ಲೆಕ್ಕದ ಪುಸ್ತಕ ತಾತನವರು ಕಿತ್ತುಕೊಂಡಿದ್ದಾರೆ. ಅವರು ಎರಡನೆಯ ಸಾಲಿನಲ್ಲಿ ಕುಳಿತಿದ್ದಾರೆ. ಎಷ್ಟು ಕಿಲೋ, ಬಿಸಿಲು ಎಷ್ಟು ಹೊತ್ತು, ನೀರು ಯಾರು ಬಿಡುತ್ತಾರೆ ಎಂದು ಕೇಳಿಯೇ ಬರೆದುಕೊಳ್ಳುತ್ತಾರೆ.