ಮನೆ ಮಾರುವಾಗ ಗ್ಯಾಲರಿಯನ್ನು ಬೆಡ್‌ರೂಮ್ ಅನ್ನಬೇಡಿ

ಇವತ್ತು ಮನೆ ಮಾರುವ ವಿಷಯ ಮಾತಾಡೋಣ. ಅದರಲ್ಲೂ ಜಾಹೀರಾತಿನಲ್ಲಿ ನಮ್ಮ ಹಾಲ್, ಕಿಚನ್, ಬೆಡ್‌ರೂಮ್ ಬಗ್ಗೆ ಏನು ಬರೀಬೇಕು, ಏನು ಬರೀಬಾರದು ಅನ್ನೋದು.

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯಲ್ಲಿ ನಮ್ಮವರು ಎಷ್ಟೋ ಜನ ಹೋಟೆಲ್, ಬ್ಯಾಂಕ್, ಕಾರ್ಖಾನೆ ಅಂತ ದುಡಿದು, ಲೋಕಲ್ ಟ್ರೈನಿನಲ್ಲಿ ನೇತಾಡಿ, ಒಂದು ಒನ್ ಬಿಎಚ್‌ಕೆ ಮಾಡಿಕೊಂಡವರು. ಈಗ ಕೆಲವರು ಊರಿಗೆ ಹೊರಟಿದ್ದಾರೆ, ಕೆಲವರು ಮಕ್ಕಳ ಹತ್ತಿರ ಹೊರಟಿದ್ದಾರೆ. ಅವರ ಜೀವಮಾನದ ಉಳಿತಾಯ ಅಂದ್ರೆ ಆ ಮನೆಯೇ. ಅದನ್ನು ಮಾರುವಾಗ ಒಂದು ತಪ್ಪು ಪದ ಎಷ್ಟು ದುಬಾರಿ ಆಗುತ್ತೆ ಅನ್ನೋದನ್ನ ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ.

ನಮ್ಮಪ್ಪನ ಮನೆ ಡೊಂಬಿವಲಿ ಈಸ್ಟ್‌ನಲ್ಲಿತ್ತು. ಮೂರನೇ ಮಹಡಿ, ಲಿಫ್ಟ್ ಇಲ್ಲ. ಹಾಲಿಗೆ ಅಂಟಿಕೊಂಡು 4 ಅಡಿ ಅಗಲ, 10 ಅಡಿ ಉದ್ದದ ಗ್ಯಾಲರಿ. ನಾನು ಹತ್ತನೇ ಕ್ಲಾಸಿಗೆ ಬಂದಾಗ ಅಪ್ಪ ಅದಕ್ಕೆ ಸ್ಲೈಡಿಂಗ್ ಕಿಟಕಿ ಹಾಕಿಸಿ, ಓದೋಕೆ ಅಂತ ಒಂದು ಸಣ್ಣ ಮಂಚ, ಒಂದು ಟೇಬಲ್ ಇಟ್ಟುಕೊಟ್ಟರು. ಅವತ್ತಿನಿಂದ ಅದು ನಮ್ಮ ಬಾಯಲ್ಲಿ 'ಸಣ್ಣ ರೂಮು'.

ಮಾರುವಾಗ ಬ್ರೋಕರ್ ಬರೆದದ್ದು: 'ಟೂ ಬಿಎಚ್‌ಕೆ, 600 ಚದರಡಿ, ವಿಶಾಲವಾದ ಮನೆ'. ನಾವೂ ಸುಮ್ಮನಿದ್ವಿ. ಜನ ಬಂದರು. ಮೂರು ಮಹಡಿ ಹತ್ತಿ ಏದುಸಿರು ಬಿಡ್ತಾ ಬಂದ ಒಬ್ಬ ತಾಯಿ ಆ 'ರೂಮಿನಲ್ಲಿ' ನಿಂತು ಎರಡೂ ಕೈ ಚಾಚಿದರು. ಎರಡೂ ಗೋಡೆ ಕೈಗೆ ಸಿಕ್ಕಿತು. ಏನೂ ಹೇಳದೆ ಇಳಿದು ಹೋದರು.

ಕೊನೆಗೆ ಒಂದು ಕುಟುಂಬ ಟೋಕನ್ ಕೊಟ್ಟಿತು. ಅಪ್ಪ ಅದೇ ಧೈರ್ಯದಲ್ಲಿ ಕುಂದಾಪುರದ ಕಡೆ ಒಂದು ಮನೆಗೆ ಅಡ್ವಾನ್ಸ್ ಕೊಟ್ಟುಬಿಟ್ಟರು. ಆಮೇಲೆ ಬ್ಯಾಂಕಿನಿಂದ ಮನೆ ಅಳೆಯೋರು ಬಂದರು. ಟೇಪ್ ಹಿಡಿದರು, ಮಂಜೂರಾದ ಪ್ಲಾನ್ ತೆಗೆದು ನೋಡಿದರು. ಪ್ಲಾನ್‌ನಲ್ಲಿ ಎರಡನೇ ಬೆಡ್‌ರೂಮೇ ಇಲ್ಲ, ಇರೋದು ಬಾಲ್ಕನಿ. ಮನೆಯ ಬೆಲೆಯನ್ನು ಅವರು ಕಡಿಮೆ ಕಟ್ಟಿದರು, ಸಾಲವೂ ಕಡಿಮೆ ಆಯ್ತು. ಉಳಿದ ದುಡ್ಡು ಹೊಂದಿಸೋಕೆ ಆ ಕುಟುಂಬಕ್ಕೆ ಆಗಲಿಲ್ಲ. ಟೋಕನ್ ವಾಪಸ್ ಕೊಟ್ವಿ. ಊರಲ್ಲಿ ಅಪ್ಪ ಕೊಟ್ಟ ಅಡ್ವಾನ್ಸ್‌ನಲ್ಲಿ ಅರ್ಧ ಹೋಯಿತು. ಯಾರನ್ನು ಬೈಯೋದು? ಬ್ರೋಕರ್ ಬರೆದದ್ದು ನಿಜ. ಆದರೆ ಸುಮ್ಮನಿದ್ದವರು ನಾವು.

ಹಾಗಾದರೆ ಹೇಗೆ ಬರೀಬೇಕು? ನಾವು ಎರಡನೇ ಸಲ ಮಾಡಿದ್ದನ್ನ ಹೇಳ್ತೀನಿ.

ಮೊದಲನೇದು, ಟೇಪ್ ತಗೊಳ್ಳಿ. ಪ್ರತಿ ರೂಮನ್ನೂ ಗೋಡೆಯಿಂದ ಗೋಡೆಗೆ ಅಳೆಯಿರಿ. ನಮ್ಮ ಮನೆ ಹೀಗಿತ್ತು: ಹಾಲ್ 10 ಅಡಿಗೆ 15, ಬೆಡ್‌ರೂಮ್ 10ಕ್ಕೆ 11, ಕಿಚನ್ 8ಕ್ಕೆ 9, ಬಾತ್‌ರೂಮ್ 4ಕ್ಕೆ 6, ಟಾಯ್ಲೆಟ್ 3ಕ್ಕೆ 4, ಪ್ಯಾಸೇಜ್ 3ಕ್ಕೆ 8. ಕೂಡಿಸಿದರೆ 392 ಚದರಡಿ. ಗ್ಯಾಲರಿ 40 ಚದರಡಿ ಬೇರೆ. 600 ಎಲ್ಲಿಂದ ಬಂತು? ಅದು ಸೂಪರ್ ಬಿಲ್ಟ್‌ಅಪ್. ಅಂದರೆ ಮೆಟ್ಟಿಲು, ಲಾಬಿ ಎಲ್ಲದರಲ್ಲೂ ನಮ್ಮ ಪಾಲು ಸೇರಿಸಿ ಹೇಳುವ ಲೆಕ್ಕ. ಮೆಟ್ಟಿಲ ಮೇಲೆ ಯಾರೂ ಮಂಚ ಹಾಕೋದಿಲ್ಲ, ಅಲ್ವಾ?

2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾ ಅಂದರೆ ಏನು ಅಂತ ಸ್ಪಷ್ಟವಾಗಿ ಹೇಳುತ್ತೆ. ಮನೆಯೊಳಗೆ ಬಳಸಬಹುದಾದ ಜಾಗ, ಒಳಗಿನ ಅಡ್ಡಗೋಡೆಗಳು ಸೇರಿ. ಹೊರಗೋಡೆ, ಬಾಲ್ಕನಿ, ತೆರೆದ ಟೆರೇಸ್ ಅದರಲ್ಲಿ ಬರೋದಿಲ್ಲ. ಹೊಸ ಮನೆ ನೋಡಿ ಬಂದವರು ಹಳೇ ಮನೆಯನ್ನೂ ಇದೇ ಲೆಕ್ಕದಲ್ಲಿ ಅಳೀತಾರೆ. ಅದಕ್ಕೇ ಕಾರ್ಪೆಟ್ ಎಷ್ಟು ಅಂತ ಮೊದಲು ಬರೀರಿ. ಅಗ್ರಿಮೆಂಟ್‌ನಲ್ಲಿ ಬೇರೆ ಅಂಕಿ ಇದ್ದರೆ ಅದನ್ನೂ ಪಕ್ಕದಲ್ಲೇ ಹಾಕಿ.

ಎರಡನೇದು, ಪ್ಲಾನ್‌ನಲ್ಲಿ ಇರುವ ಹೆಸರೇ ರೂಮಿನ ಹೆಸರು. ಗ್ಯಾಲರಿ ಮುಚ್ಚಿದ್ದರೆ 'ಮುಚ್ಚಿದ ಗ್ಯಾಲರಿ, ಮಗುವಿನ ಓದಿಗೆ ಸಾಕು' ಅನ್ನಿ. ಅನುಮತಿ ಪಡೆದು ಮುಚ್ಚಿದ್ದರೆ ಆ ಕಾಗದ ಕೈಯಲ್ಲಿರಲಿ. ಕಲ್ಯಾಣ್-ಡೊಂಬಿವಲಿಯಲ್ಲಿ ನಕಲಿ ಅನುಮತಿ ಪತ್ರ ತೋರಿಸಿ ಕಟ್ಟಿದ 65 ಕಟ್ಟಡಗಳ ಪ್ರಕರಣ ಹೈಕೋರ್ಟಿನವರೆಗೆ ಹೋದ ಮೇಲೆ, ಇಲ್ಲಿ ಮನೆ ನೋಡೋಕೆ ಬರುವವರು ಚಹಾ ಕುಡಿಯೋಕೂ ಮೊದಲು ಪೇಪರ್ ಕೇಳ್ತಾರೆ. ತಪ್ಪಲ್ಲ ಅದು.

ಮೂರನೇದು, 'ವಿಶಾಲ', 'ಭವ್ಯ' ಅನ್ನೋ ಪದ ಬಿಡಿ. ಬದಲಿಗೆ ಏನು ಹಿಡಿಯುತ್ತೆ ಹೇಳಿ. 'ಬೆಡ್‌ರೂಮಲ್ಲಿ ಡಬಲ್ ಮಂಚ, ಕಪಾಟು ಇಟ್ಟ ಮೇಲೂ ಓಡಾಡಬಹುದು.' 'ಕಿಚನ್ ಕಟ್ಟೆ 8 ಅಡಿ ಉದ್ದ, ಫ್ರಿಜ್ ಒಳಗೇ ನಿಲ್ಲುತ್ತೆ, ವಾಷಿಂಗ್ ಮಷೀನ್ ಗ್ಯಾಲರಿಯಲ್ಲಿ.' ಓದಿದ ತಕ್ಷಣ ಕೊಳ್ಳುವವರು ಮನಸ್ಸಲ್ಲೇ ಸಾಮಾನು ಜೋಡಿಸೋಕೆ ಶುರು ಮಾಡ್ತಾರೆ. ಕಿಟಕಿ ಯಾವ ದಿಕ್ಕಿಗೆ, ಬಿಸಿಲು ಯಾವಾಗ ಬರುತ್ತೆ, ನೀರು ಎಷ್ಟು ಹೊತ್ತಿಗೆ ಬರುತ್ತೆ, ಇದನ್ನೂ ಹೇಳಿ.

ನಾಲ್ಕನೇದು, ಕಷ್ಟದ ಮಾತು. ಮಳೆಗಾಲದಲ್ಲಿ ಗೋಡೆ ಒದ್ದೆಯಾಗುತ್ತಾ? ಮೊದಲು ರಿಪೇರಿ ಮಾಡಿಸಿ, ಇಲ್ಲಾಂದ್ರೆ ಬಾಯಿಬಿಟ್ಟು ಹೇಳಿ. ಮೇಲೆ ಬಣ್ಣ ಬಳಿದು ಮುಚ್ಚಬೇಡಿ. ನಮ್ಮ ಕಡೆಯ ಜೂನ್-ಜುಲೈ ಮಳೆ ಯಾರ ಗುಟ್ಟನ್ನೂ ಉಳಿಸೋದಿಲ್ಲ. ಲಿಫ್ಟ್ ಇಲ್ಲದಿದ್ದರೆ ಮೊದಲ ಸಾಲಲ್ಲೇ ಬರೀರಿ. ಹತ್ತಲಾಗದವರು ಬರೋದಿಲ್ಲ, ಬಂದವರು ಗೊತ್ತಿದ್ದೇ ಬರ್ತಾರೆ.

ಇನ್ನೊಂದು, ಪಾರ್ಕಿಂಗ್. ಕಟ್ಟಡದ ಕೆಳಗಿನ ಸ್ಟಿಲ್ಟ್ ಪಾರ್ಕಿಂಗನ್ನು ಬಿಲ್ಡರ್ ಪ್ರತ್ಯೇಕವಾಗಿ ಮಾರುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಸೊಸೈಟಿ ನಿಮಗೆ ಜಾಗ ಕೊಟ್ಟಿದ್ದರೆ 'ಸೊಸೈಟಿ ಕೊಟ್ಟದ್ದು' ಅಂತಲೇ ಬರೀರಿ, 'ಸ್ವಂತ ಪಾರ್ಕಿಂಗ್' ಅನ್ನಬೇಡಿ. ನವಿಮುಂಬಯಿಯವರು ಸಿಡ್ಕೋದ ಲೀಸ್ ಜಾಗದ ಮನೆಯಾಗಿದ್ದರೆ ಅದನ್ನೂ ಹೇಳಿಬಿಡಿ. ವರ್ಗಾವಣೆ ಖರ್ಚು ಯಾರದು ಅಂತ ಮೊದಲೇ ಮಾತಾದರೆ ಕೊನೆಗೆ ಜಗಳ ಇಲ್ಲ. ಥಾಣೆಯವರೇ, ಘೋಡ್‌ಬಂದರ್ ರೋಡಿನ ಮನೆಗೆ 'ಸ್ಟೇಷನ್ ಹತ್ತಿರ' ಅಂತ ಬರೆದರೆ ನಂಬೋರು ಯಾರು? ಬೆಳಿಗ್ಗೆ ಒಂಬತ್ತಕ್ಕೆ ಬಸ್ಸಿನಲ್ಲಿ ಹೋಗಿ, ಎಷ್ಟು ಹೊತ್ತು ಹಿಡೀತೋ ಅದನ್ನೇ ಬರೀರಿ.

ನಮ್ಮ ಎರಡನೇ ಜಾಹೀರಾತು ಹೀಗಿತ್ತು: 'ಡೊಂಬಿವಲಿ ಈಸ್ಟ್, ಒನ್ ಬಿಎಚ್‌ಕೆ, ಮೂರನೇ ಮಹಡಿ, ಲಿಫ್ಟ್ ಇಲ್ಲ. ರೂಮುಗಳ ಒಳ ಅಳತೆ 392 ಚದರಡಿ, ಜೊತೆಗೆ ಕಿಟಕಿ ಹಾಕಿದ 40 ಚದರಡಿ ಗ್ಯಾಲರಿ. ಹಾಲಿಗೆ ಬೆಳಗಿನ ಬಿಸಿಲು. ಪ್ಲಾನ್, ಶೇರ್ ಸರ್ಟಿಫಿಕೇಟ್ ನೋಡಬಹುದು.'

ಫೋನ್ ಕಡಿಮೆ ಬಂತು, ಸುಳ್ಳು ಹೇಳೋದಿಲ್ಲ. ಬಂದವರಲ್ಲಿ ಒಬ್ಬರು ಶಾಲೆಗೆ ಹೋಗುವ ಮಗಳನ್ನು ಕರ್ಕೊಂಡು ಬಂದಿದ್ದರು. ಆ ಹುಡುಗಿ ಸೀದಾ ಗ್ಯಾಲರಿಗೆ ಹೋಗಿ, ಕಿಟಕಿ ಸರಿಸಿ, ನನ್ನ ಹಳೇ ಟೇಬಲ್ ಮುಂದೆ ಕೂತಳು. ಅಪ್ಪ ನನ್ನ ಮುಖ ನೋಡಿದರು. ಟೇಬಲ್ಲನ್ನು ಅಲ್ಲೇ ಬಿಟ್ಟು ಬಂದ್ವಿ. ಈ ಸಲ ಬ್ಯಾಂಕಿನವರು ಅಳೆದಾಗ ಅಂಕಿ ಸರಿಹೋಯ್ತು.

ಮನೆ ಮಾರೋಕೆ ಹೊರಟಿದ್ದರೆ ಇವತ್ತು ಸಂಜೆ ಟೇಪ್ ಹಿಡಿದು ಒಂದು ರೂಮು ಅಳೆದು ನೋಡಿ. ಅಲ್ಲಿಂದ ಶುರು ಮಾಡಿ.