ಕಾಫಿಬೀಜವನ್ನು ಕಾಣುವ ಯಂತ್ರನೇತ್ರ



ಸಕಲೇಶಪುರ, ಆಲೂರುಗಳ ಗಿರಿಸಾನುಗಳಲ್ಲಿ ಬೆಳೆದ ಕಾಫಿಯು ಕಣದಲ್ಲಿ ಒಣಗಿ, ಚೀಲ ಸೇರಿ, ಕ್ಯೂರಿಂಗ್ ವರ್ಕ್ಸ್‌ಗೆ ಬಂದಮೇಲೆ, ಹೊಟ್ಟು ಕಳೆದು ಜರಡಿಯಲ್ಲಿ ಗಾತ್ರಾನುಸಾರವಾಗಿ ವಿಂಗಡಗೊಳ್ಳುವುದಷ್ಟೆ. ಆದರೆ ಜರಡಿಯು ಗಾತ್ರವನ್ನು ಬಲ್ಲುದೇ ಹೊರತು ವರ್ಣವನ್ನರಿಯದು. ಕಪ್ಪುಬೀಜ, ಕಂದುಬೀಜ, ಒಡೆದ ಚೂರುಗಳನ್ನು ಆಯ್ದು ತೆಗೆಯುವ ಗಾರ್ಬ್ಲಿಂಗ್ ಕೆಲಸವನ್ನು ದಶಕಗಳ ಕಾಲ ನಡೆಸಿಕೊಂಡು ಬಂದವರು ಸಾಲುಸಾಲಾಗಿ ಕುಳಿತ ಹೆಣ್ಣುಮಕ್ಕಳು. ಅವರ ದೃಷ್ಟಿಯನ್ನು ಯಂತ್ರಕ್ಕೆ ಕಲಿಸುವ ಪ್ರಯತ್ನದ ಇತಿಹಾಸದಲ್ಲಿ, ಕ್ಯಾಮರಾವನ್ನು ಕಂಪ್ಯೂಟರಿಗೆ ಜೋಡಿಸುವ ತಂತಿಗೂ ಒಂದು ಅಧ್ಯಾಯವುಂಟು.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬ ವಿಜ್ಞಾನಿಗಳು ಬೆಳಕನ್ನು ವಿದ್ಯುದಂಶವನ್ನಾಗಿಸುವ ಸಿಸಿಡಿ ಎಂಬ ಸಾಧನವನ್ನು ಕಲ್ಪಿಸಿದರು. ಅನಂತರದ ಕಾರ್ಖಾನೆ ಕ್ಯಾಮರಾಗಳು ಚಿತ್ರವನ್ನು ಕಳುಹಿಸಬಲ್ಲವಾಗಿದ್ದರೂ, ಅದನ್ನು ಸ್ವೀಕರಿಸಲು ಕಂಪ್ಯೂಟರಿನೊಳಗೆ ಬೆಲೆಯುಳ್ಳ ಪ್ರತ್ಯೇಕ ಕಾರ್ಡೊಂದು ಬೇಕಾಗುತ್ತಿದ್ದಿತು.

ಬೆಳೆಯನ್ನು ಕಾಫಿ ಮಂಡಳಿಗೇ ಒಪ್ಪಿಸಬೇಕಾಗಿದ್ದ ಪೂಲ್ ವ್ಯವಸ್ಥೆಯಿಂದ ಬೆಳೆಗಾರರು ಬಿಡುಗಡೆ ಹೊಂದಿದ 1996ರಲ್ಲಿಯೇ, ಅಂಥ ಕಾರ್ಡಿಲ್ಲದೆ ಸಾಧನಗಳನ್ನು ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿಯ ಮೊದಲ ಆವೃತ್ತಿಯೂ ಪ್ರಕಟವಾಯಿತು. ಏಳು ಸಂಸ್ಥೆಗಳು ಕೂಡಿ ಅದನ್ನು ರೂಪಿಸಿದ ಕಾರ್ಯದಲ್ಲಿ, ಬರೋಡದಲ್ಲಿ ವ್ಯಾಸಂಗ ಮಾಡಿ ಇಂಟೆಲ್ ಸೇರಿದ ಅಜಯ್ ಭಟ್ ಅವರ ಪಾತ್ರ ಹಿರಿದು. ಸೆಕೆಂಡಿಗೆ 12 ಮೆಗಾಬಿಟ್ ವೇಗದ ಆ ತಂತಿಯಲ್ಲಿ, 1280 ಬಿಂದು ಅಗಲ, 1024 ಬಿಂದು ಎತ್ತರದ ಕಪ್ಪುಬಿಳುಪು ಚಿತ್ರವು ಸೆಕೆಂಡಿಗೆ ಒಂದರಂತೆ ಸಾಗುವುದೇ ಹೆಚ್ಚು. 2000ದಲ್ಲಿ ಬಂದ ಎರಡನೆಯ ಆವೃತ್ತಿಯ 480 ಮೆಗಾಬಿಟ್‌ನಿಂದ ಅಂಥವು ಮೂವತ್ತರಷ್ಟು ಸಾಗುವಂತಾದುವು. 2008ರ ಮೂರನೆಯದು 5 ಗಿಗಾಬಿಟ್‌ಗೆ ಏರಿ, ಅದೇ ತಂತಿಯಲ್ಲಿ ಕ್ಯಾಮರಾಕ್ಕೆ ನಾಲ್ಕೂವರೆ ವಾಟ್ ವಿದ್ಯುತ್ತನ್ನೂ ಒದಗಿಸಿತು.

ಆದರೂ ವೇಗವೊಂದೇ ಸಾಲದು. ಒಬ್ಬ ತಯಾರಕನ ಕ್ಯಾಮರಾಕ್ಕೆ ಬರೆದ ತಂತ್ರಾಂಶ ಇನ್ನೊಬ್ಬನದಕ್ಕೆ ಒಗ್ಗದಿದ್ದುದು ದೊಡ್ಡ ತೊಡಕಾಗಿದ್ದಿತು. 2013ರಲ್ಲಿ ಪ್ರಕಟವಾದ ಯುಎಸ್‌ಬಿ3 ವಿಷನ್ ಎಂಬ ಮಾನಕವು, ಕ್ಯಾಮರಾ ತನ್ನ ಗುಣಧರ್ಮಗಳ ವಿವರಣೆಯನ್ನು ತನ್ನಲ್ಲಿಯೇ ಹೊತ್ತಿರತಕ್ಕದ್ದೆಂದು ವಿಧಿಸಿತು; ಯಂತ್ರಗಳ ಅದುರುವಿಕೆಗೆ ತಂತಿ ಕಳಚದಂತೆ ತಿರುಪಿನಿಂದ ಬಿಗಿಯುವ ಕನೆಕ್ಟರನ್ನೂ ಸೇರಿಸಿತು. ವೇಗದ ಪ್ರಗತಿಗಿಂತ ಈ ಸಾಮಾನ್ಯ ಮಾನಕವೇ ಹೆಚ್ಚಿನ ಸಾಧನೆಯೆಂದು ನನ್ನ ದೃಢವಾದ ಅಭಿಮತ. ಏಕೆಂದರೆ ಅದು ಅಲ್ಪವಿತ್ತನನ್ನು ಒಬ್ಬನೇ ಮಾರಾಟಗಾರನ ಅಧೀನದಿಂದ ಬಿಡಿಸಿತು.

ಧಾರೆಯಾಗಿ ಬೀಳುವ ಬೀಜವನ್ನು ನೋಡಿ, ದೋಷವುಳ್ಳುದನ್ನು ಗಾಳಿಯ ಊದಿನಿಂದ ಹೊರದೂಡುವ ದೊಡ್ಡ ಕಲರ್ ಸಾರ್ಟರುಗಳಿಗೆ ಈ ತಂತಿಯ ಅವಶ್ಯಕತೆ ಇಲ್ಲ. ಅವುಗಳ ಕಣ್ಣೂ ಮಿದುಳೂ ಒಂದೇ ಪೆಟ್ಟಿಗೆಯೊಳಗಿರುತ್ತವೆ. ಸಾಮಾನ್ಯ ತಾಮ್ರದ ಯುಎಸ್‌ಬಿ3 ತಂತಿಯಾದರೋ ಮೂರು ಮೀಟರಿನಾಚೆ ನೆಚ್ಚತಕ್ಕದ್ದಲ್ಲ. ನೂರು ಮೀಟರ್ ದೂರಕ್ಕೆ ಈಥರ್‌ನೆಟ್ ಕ್ಯಾಮರಾವೇ ಸರಿ. ಆದರೆ ಮೇಜಿನ ಮೇಲೆ ಹರಡಿದ ಹಿಡಿ ಮಾದರಿಯನ್ನು ಪರೀಕ್ಷಿಸಿ, ಕಪ್ಪೆಷ್ಟು, ಕಾಯಿಕೊರಕ ಹುಳು ತೂತು ಮಾಡಿದುದೆಷ್ಟು ಎಂದು ಎಣಿಸುವುದಕ್ಕೆ ಒಂದು ಕ್ಯಾಮರಾ, ಸಮನಾದ ಬೆಳಕು, ಸಾಧಾರಣ ಕಂಪ್ಯೂಟರು ಸಾಕು. ತನ್ನ ಮಾಲಿನ ದೋಷಪ್ರಮಾಣವನ್ನು ವ್ಯಾಪಾರಿಯ ಬಾಯಿಂದ ಕೇಳುವ ಸಣ್ಣ ಬೆಳೆಗಾರನಿಗೆ ಇದರಿಂದಾಗುವ ಉಪಕಾರ ಅಲ್ಪವಲ್ಲ.

ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜೇ ಮೊದಲಾಗಿ ನಮ್ಮ ಜಿಲ್ಲೆಯ ತಾಂತ್ರಿಕ ವಿದ್ಯಾರ್ಥಿಗಳು ಇಂಥದೊಂದು ಪರೀಕ್ಷಾಮೇಜನ್ನು ನಿರ್ಮಿಸಲಿ. ಯಾವ ಬೀಜ ಕೆಟ್ಟದ್ದೆಂಬುದನ್ನು ಕ್ಯಾಮರಾಕ್ಕೆ ಕಲಿಸುವಾಗ ಗಾರ್ಬ್ಲಿಂಗ್‌ನಲ್ಲಿ ಪಳಗಿದ ಹೆಣ್ಣುಮಕ್ಕಳನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು, ಅವರ ಅನುಭವಕ್ಕೆ ತಕ್ಕ ವೇತನವನ್ನೂ ಕೊಡಲಿ ಎಂದು ಪ್ರಾರ್ಥಿಸುತ್ತೇನೆ.