ಪರ್ಮಿಟ್ಟಿನ ಲೆಕ್ಕ, ಸ್ಟ್ಯಾಂಡಿನ ಲೆಕ್ಕ



ಬೆಂಗಳೂರಿನ ರೈಲು ತುಮಕೂರಿಗೆ ಬಂದು ನಿಂತಾಗ ನಿಲ್ದಾಣದ ಹೊರಗೆ ಆಟೋಗಳ ಸಾಲು. ಮುಂದಿನ ಗಾಡಿ ಹೊರಟರೆ ಹಿಂದಿನವರು ಎಂಜಿನ್ ಚಾಲೂ ಮಾಡುವುದಿಲ್ಲ. ಇಳಿದು ಕೈಯಲ್ಲೇ ತಳ್ಳಿಕೊಂಡು ಒಂದು ಜಾಗ ಮುಂದೆ ಬರುತ್ತಾರೆ. ಅಷ್ಟಾದರೂ ಗ್ಯಾಸ್ ಉಳಿಯಲಿ ಎಂದು. ಜನ ಕರಗಿದ ಮೇಲೂ ಅರ್ಧ ಸಾಲು ಅಲ್ಲೇ ಇರುತ್ತದೆ. ‘ಆಟೋ ಜಾಸ್ತಿಯಾದವು, ಹೊಸ ಪರ್ಮಿಟ್ ನಿಲ್ಲಿಸಿ’ ಎಂಬ ಮಾತು ಹುಟ್ಟುವುದು ಈ ಸಾಲಿನ ಬಾಲದಲ್ಲಿ. ‘ರಾತ್ರಿ ಹತ್ತಾದರೆ ಒಂದೂ ಸಿಗಲ್ಲ’ ಎಂಬ ದೂರು ಹುಟ್ಟುವುದು ಅದೇ ಊರಿನ ಬಡಾವಣೆಗಳಲ್ಲಿ.

ಎರಡಕ್ಕೂ ಉತ್ತರ ಹೇಳಬೇಕಾದವರು ಯಾರು?

ತುಮಕೂರಿಗೆ ಪಾಲಿಕೆ, ಅದೇ ಜಿಲ್ಲೆಯ ಕುಣಿಗಲ್‌ಗೆ ಪುರಸಭೆ, ಗುಬ್ಬಿಗೆ ಪಟ್ಟಣ ಪಂಚಾಯಿತಿ. ಮೂರರಲ್ಲಿ ಯಾವುದಕ್ಕೂ ಪರ್ಮಿಟ್ ಕೊಡುವ ಅಧಿಕಾರವಿಲ್ಲ. ಅದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ್ದು. 1988ರ ಮೋಟಾರು ವಾಹನ ಕಾಯ್ದೆಯ 74ನೇ ಕಲಂ ಬಾಡಿಗೆ ವಾಹನಗಳ ಸಂಖ್ಯೆಗೆ ಮಿತಿ ಹಾಕಲು ದಾರಿ ಮಾಡಿದೆ ನಿಜ. ಆದರೆ 5 ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ಊರುಗಳಲ್ಲಿ, ಅದೂ ಕೇಂದ್ರ ಸರ್ಕಾರ ನಿರ್ದೇಶಿಸಿದರೆ. 2011ರ ಜನಗಣತಿಯಲ್ಲಿ ತುಮಕೂರು ಆಗಷ್ಟೇ 3 ಲಕ್ಷ ದಾಟಿತ್ತು. ಗುಬ್ಬಿ, ಕುಣಿಗಲ್ ಆ ಲೆಕ್ಕದ ಹತ್ತಿರಕ್ಕೂ ಸುಳಿಯುವುದಿಲ್ಲ.

ಮಿತಿ ಹಾಕಿದ ಊರುಗಳ ಅನುಭವವೂ ಈ ಸಂಕಿರಣದ ಮುಂದಿರಲಿ. ದೆಹಲಿಯಲ್ಲಿ ಸುಪ್ರೀಂ ಕೋರ್ಟ್ 1997ರಲ್ಲಿ ಆಟೋ ಸಂಖ್ಯೆಯನ್ನು ಕಟ್ಟಿಹಾಕಿತು. 2011ರಲ್ಲಿ ಅದನ್ನು 1 ಲಕ್ಷಕ್ಕೆ ಏರಿಸಿತು. ನಡುವಿನ ವರ್ಷಗಳಲ್ಲಿ ಗಾಡಿಗಿಂತ ಪರ್ಮಿಟ್ಟಿಗೇ ಬೆಲೆ ಬಂತು. ಲಾಭ ಹೋದದ್ದು ಬಡ್ಡಿಗೆ ಸಾಲ ಕೊಡುವವರ ಜೇಬಿಗೆ. ನ್ಯೂಯಾರ್ಕ್ 1937ರಲ್ಲೇ ಟ್ಯಾಕ್ಸಿಗಳಿಗೆ ಮಿತಿ ಹಾಕಿತ್ತು. ಅಲ್ಲಿನ ಒಂದು ಪರವಾನಗಿ ಬಿಲ್ಲೆಯ ಬೆಲೆ 2014ರ ಹೊತ್ತಿಗೆ 10 ಲಕ್ಷ ಡಾಲರ್ ಮುಟ್ಟಿ, ಆ್ಯಪ್ ಟ್ಯಾಕ್ಸಿ ಬಂದೊಡನೆ ಕುಸಿಯಿತು. ಸಾಲ ಮಾಡಿ ಅದನ್ನು ಕೊಂಡಿದ್ದ ಚಾಲಕರು ಮುಳುಗಿದರು.

ನಮ್ಮಲ್ಲಿ ಇನ್ನೂ ಎರಡು ತೊಡಕುಗಳಿವೆ. ಬ್ಯಾಟರಿ ಗಾಡಿಗೆ ಪರ್ಮಿಟ್ ಬೇಡವೆಂದು ಕೇಂದ್ರ 2018ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿದೆ; ಮುಂಬಾಗಿಲು ಮುಚ್ಚಿದರೂ ಹಿತ್ತಲ ಬಾಗಿಲು ತೆರೆದೇ ಇದೆ. ಇನ್ನು 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ ಉಚಿತ ಮಾಡುವ ‘ಶಕ್ತಿ’ ಯೋಜನೆ ಬಂದಾಗ ಆಟೋ ಹತ್ತುತ್ತಿದ್ದ ಹೆಂಗಸರಲ್ಲಿ ಎಷ್ಟೋ ಮಂದಿ ಬಸ್ಸಿಗೆ ಹೋದರು. ಆಟೋ ಹೆಚ್ಚದೆಯೂ ಸಾಲು ಬೆಳೆಯುತ್ತದೆ.

ಗುಬ್ಬಿ, ಕುಣಿಗಲ್‌ನ ಕಥೆಯೇ ಬೇರೆ. ಅಲ್ಲಿ ಹಳ್ಳಿಗೆ ಹೊರಡುವ ಆಟೋದ್ದು ಸೀಟಿನ ಲೆಕ್ಕ: ಸಂತೆ ಚೀಲ, ಶಾಲೆ ಮಕ್ಕಳು, ಚಾಲಕನ ಪಕ್ಕ ಇನ್ನೊಬ್ಬರು. ಪರ್ಮಿಟ್ ಹೇಳುವುದು ಇಡೀ ಗಾಡಿಯ ಬಾಡಿಗೆಯನ್ನು. ಓಡುವುದು ಬಸ್ಸಿಲ್ಲದ ಹೊತ್ತಿನ ಬಸ್ಸಾಗಿ. ಸಂಖ್ಯೆ ಕಡಿತಗೊಂಡರೆ ಮೊದಲು ಪೆಟ್ಟು ಬೀಳುವುದು ಆ ಹಳ್ಳಿಯ ದಾರಿಗೆ.

ಸ್ಥಳೀಯ ಸಂಸ್ಥೆಗಳ ಕೈ ಪೂರ್ತಿ ಖಾಲಿಯೇನಲ್ಲ. ವಾಹನ ನಿಲುಗಡೆಯ ಜಾಗ ಗೊತ್ತುಮಾಡುವಾಗ ಅವುಗಳೊಡನೆ ಸಮಾಲೋಚಿಸಬೇಕೆಂದು ಅದೇ ಕಾಯ್ದೆಯ 117ನೇ ಕಲಂ ಹೇಳುತ್ತದೆ. ಆದ್ದರಿಂದ ಇಂದಿನ ಗೋಷ್ಠಿಗಳು ‘ಎಷ್ಟು ಪರ್ಮಿಟ್’ ಎಂಬಲ್ಲಿಂದ ಶುರುವಾಗದೆ ‘ಎಷ್ಟು ಸ್ಟ್ಯಾಂಡ್’ ಎಂಬಲ್ಲಿಂದ ಶುರುವಾಗಲಿ ಎಂಬುದು ಆಶಯ. ಮೂರೂ ಊರಿನ ಒಂದೊಂದು ಸ್ಟ್ಯಾಂಡಿನಲ್ಲಿ ಎಷ್ಟು ಗಾಡಿ ಹಿಡಿಯುತ್ತವೆ, ಪಾಳಿ ಬರಲು ಎಷ್ಟು ಹೊತ್ತು ಬೇಕು, ರಾತ್ರಿ ಹತ್ತರ ಮೇಲೆ ಎಷ್ಟು ಉಳಿಯುತ್ತವೆ? ಮೊದಲ ಗೋಷ್ಠಿಯಲ್ಲಿ ಈ ಮೂರು ಅಂಕಿ ಹೇಳಬೇಕಾದವರು ಚಾಲಕರು. ಅಧಿಕಾರಿಗಳ ಸರದಿ ಮಧ್ಯಾಹ್ನದ ಮೇಲೆ.